ಚರ್ಚ್ ಸ್ಟ್ರೀಟಲ್ಲಿ ಆರಡಿ ದಾರಿ ಸಿಗುತ್ತಾ?

ವೀಕೆಂಡ್ ಬಂತೆಂದರೆ ಬೆಂಗಳೂರಿನ ಅರ್ಧ ಆಫೀಸು ಜನ ಚರ್ಚ್ ಸ್ಟ್ರೀಟಲ್ಲೇ ಸಿಗ್ತಾರೆ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆವರೆಗೆ ಒಂದು ಕಿಲೋಮೀಟರೂ ಇಲ್ಲದ ಬೀದಿ. ಅಷ್ಟರಲ್ಲೇ ಹಳೇ ಪುಸ್ತಕದಂಗಡಿ, ಕೆಫೆ, ಪಬ್, ಬಿರಿಯಾನಿ ಎಲ್ಲವೂ ಇವೆ. 2018ರಲ್ಲಿ ಕಲ್ಲುಹಾಸಿನ ಹೊಸ ರೂಪ ಬಂದ ಮೇಲಂತೂ ಇಲ್ಲಿ ಸುಮ್ಮನೆ ನಡೆಯೋದೇ ಒಂದು ಖುಷಿ.

ಆದರೆ ವೀಲ್‌ಚೇರ್ ಬಳಸುವ ನನ್ನ ದೊಡ್ಡಮ್ಮನ ಮಗಳ ಜೊತೆ ಹೋದ ದಿನ ಇದೇ ಬೀದಿ ಬೇರೆ ಥರ ಕಂಡಿತು. ಎಂ.ಜಿ. ರಸ್ತೆ ಮೆಟ್ರೋದ ಲಿಫ್ಟ್ ಸಲೀಸಾಗಿ ಕೆಳಗಿಳಿಸಿತು. ಕಷ್ಟ ಶುರುವಾಗಿದ್ದು ಫುಟ್‌ಪಾತ್ ಮೇಲೆ. ಒಂದು ಕಡೆ ಹೊರಗೆ ಹಾಕಿದ ಕುರ್ಚಿ, ಅದರ ಮುಂದೆ ಮೆನು ಬೋರ್ಡು, ಪಕ್ಕದಲ್ಲಿ ಹೂಕುಂಡ, ಟೇಬಲ್‌ಗೆ ಕಾಯುವವರ ಗುಂಪು, ಕೊನೆಗೊಂದು ಡೆಲಿವರಿ ಬೈಕು. ಒಂದೊಂದೂ ಸಣ್ಣದೇ. ಎಲ್ಲ ಸೇರಿದರೆ ಗೋಡೆ.

ನಾವು ಪಕ್ಕಕ್ಕೆ ತಿರುಗಿ ನುಸುಳಿಬಿಡ್ತೀವಿ. ವೀಲ್‌ಚೇರ್ ನುಸುಳೋಲ್ಲ. ವಾಪಸ್ ಹೋಗಿ, ಇಳಿಜಾರು ಹುಡುಕಿ, ಆಟೋಗಳ ಮಧ್ಯೆ ರಸ್ತೆಗಿಳಿಯಬೇಕು. ಇಲ್ಲವೇ ಜಾಗ ಕೇಳಬೇಕು. "ಕೇಳಿದ್ರೆ ಎಲ್ರೂ ಬಿಡ್ತಾರೆ ಕಣೋ. ಆದ್ರೆ ಪ್ರತಿ ಅಂಗಡಿ ಮುಂದೆ ಕೇಳ್ಕೊಂಡೇ ಹೋಗ್ಬೇಕಲ್ಲ! ನಾನು ಬಂದಿದ್ದು ಸುತ್ತಾಡೋಕೆ, ಪರ್ಮಿಷನ್ ಕೇಳೋಕಲ್ಲ" ಅಂದಳು ಅಕ್ಕ.

ಎಷ್ಟು ಜಾಗ ಬೇಕು? ವೀಲ್‌ಚೇರ್‌ನ ಅಗಲ ಸುಮಾರು ಎರಡೂವರೆ ಅಡಿ. ಪೂರ್ತಿ ತಿರುಗಿಸಲು 5 ಅಡಿಯಷ್ಟು ಜಾಗ ಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರಡಿ ಅಡೆತಡೆಯಿಲ್ಲದ ದಾರಿ ಇರಬೇಕು ಅನ್ನುತ್ತೆ. ಗಮನಿಸಿ, ಇದು ಫುಟ್‌ಪಾತಿನ ಒಟ್ಟು ಅಗಲ ಅಲ್ಲ. ಕುರ್ಚಿ, ಕಂಬ, ಕುಂಡ ಎಲ್ಲ ಕಳೆದು ಉಳಿಯುವ ದಾರಿ.

ಹಾಗಂತ ಹೊರಗೆ ಕೂತು ಕಾಫಿ ಕುಡಿಯೋದೇ ತಪ್ಪು ಅಂತಲ್ಲ. 2020ರಲ್ಲಿ, ಕೋವಿಡ್ ವೇಳೆ, ನ್ಯೂಯಾರ್ಕ್ ನಗರ ಫುಟ್‌ಪಾತ್ ಮೇಲೆ ಟೇಬಲ್ ಹಾಕಲು ಹೋಟೆಲ್‌ಗಳಿಗೆ ಅವಕಾಶ ಕೊಟ್ಟಾಗ, ಓಡಾಡಲು 8 ಅಡಿ ಖಾಲಿ ಬಿಡಬೇಕು ಅಂತಲೂ ಹೇಳಿತ್ತು. ಊಟವೂ ನಡೀಬೇಕು, ಓಡಾಟವೂ ನಡೀಬೇಕು.

ನಮ್ಮಲ್ಲೂ ಇದಕ್ಕೆ ದೊಡ್ಡ ಖರ್ಚೇನಿಲ್ಲ. ಟೇಬಲ್‌ಗಳನ್ನು ಗೋಡೆಗೆ ಒತ್ತಿ ಒಂದೇ ಸಾಲಲ್ಲಿ ಹಾಕಬಹುದು. ಜಾಗ ಅಳೆಯುವಾಗ ಜನ ಕುರ್ಚಿ ಹಿಂದಕ್ಕೆಳೆದು ಕೂತಾಗಿನ ಲೆಕ್ಕ ಹಿಡಿಯಬೇಕು. ಮೆನು ಬೋರ್ಡು ಗೋಡೆ ಮೇಲಿರಲಿ. ಟೇಬಲ್ ಖಾಲಿಯಾದಾಗ ಫೋನ್ ಮಾಡಿ ಕರೆದರೆ ಬಾಗಿಲಲ್ಲಿ ಗುಂಪೂ ಕಟ್ಟೋಲ್ಲ. ದಾರಿ ಸರಿಯಿದ್ದರೆ ಪ್ರಾಮ್ ತಳ್ಳುವ ಅಮ್ಮನಿಗೂ, ಕೋಲು ಹಿಡಿದು ಬರುವ ತಾತನಿಗೂ ಸುಲಭ.

ಹೋಟೆಲಿನವರು ನಿಯಮಕ್ಕಿಂತ ಬೇಗ ಕೇಳೋದು ಗಿರಾಕಿಯ ಮಾತನ್ನ. ಮುಂದಿನ ಸಲ ಹೊರಗೆ ಕೂತಾಗ ನಿಮ್ಮ ಕುರ್ಚಿ ಹಿಂದೆ ಎಷ್ಟು ದಾರಿ ಉಳಿದಿದೆ ಅಂತ ಒಮ್ಮೆ ತಿರುಗಿ ನೋಡಿ. ಆರಡಿ ಇಲ್ಲ ಅಂದರೆ ಆರ್ಡರ್ ಕೊಡುವ ಮುಂಚೆ ಹೇಳಿ: "ಸ್ವಲ್ಪ ಒಳಗೆ ಸರಿಸ್ತೀರಾ?" ಆ ಮಾತು ನಾವು ಕೇಳಿದರೆ, ವೀಲ್‌ಚೇರಲ್ಲಿ ಬರುವವರು ಕೇಳಬೇಕಾಗಿಲ್ಲ.