ಹೇಳಿಕೊಡದ ಮಾತು

ಮಗಳ ಸಂಸಾರ ಒಡೆಯಿತು. ಒಂಬತ್ತು ವರ್ಷದ ಮೊಮ್ಮಗ ಯಾರ ಬಳಿ ಇರಬೇಕೆಂಬ ವ್ಯಾಜ್ಯ ಮುಂಬಯಿಯ ಬಾಂದ್ರಾದ ಕುಟುಂಬ ನ್ಯಾಯಾಲಯಕ್ಕೆ ಹೋಯಿತು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯಂತೆ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಗಮನಿಸಬಹುದು. ಆದರೆ ತೀರ್ಮಾನಕ್ಕೆ ಮಗುವಿನ ಹಿತವೇ ಮುಖ್ಯ.

"ಜಡ್ಜು ಕೇಳಿದರೆ ಏನು ಹೇಳಲಿ, ಅಜ್ಜಿ?" ಎಂದ. "ಅಮ್ಮ ಬೇಕು ಅನ್ನು" ಎಂಬ ಮಾತು ನಮ್ಮಿಬ್ಬರ ನಾಲಗೆಯ ತುದಿಗೂ ಬಂದಿತ್ತು, ನುಂಗಿಕೊಂಡೆವು. "ನಿನಗೆ ಅನ್ನಿಸಿದ್ದನ್ನು ಹೇಳಪ್ಪ. ಯಾರನ್ನೂ ಗೆಲ್ಲಿಸುವುದು ನಿನ್ನ ಕೆಲಸವಲ್ಲ" ಎಂದೆವು. ಅಂದಿನಿಂದ ಅವನೆದುರು ಅಳಿಯನನ್ನು ಹಳಿಯುವುದನ್ನೂ ಬಿಟ್ಟೆವು.

ವಾರ ಕಳೆಯಿತು. ಒಂದು ರಾತ್ರಿ, "ಅಪ್ಪ ಒಬ್ಬನೇ ಊಟ ಮಾಡ್ತಾನಾ?" ಎಂದು ಕೇಳಿ ಅತ್ತುಬಿಟ್ಟ. ಅಷ್ಟು ದಿನವೂ ನಮಗೆ ಹೆದರಿ ಆ ಅಳುವನ್ನು ಬಚ್ಚಿಟ್ಟುಕೊಂಡಿದ್ದನೆಂದು ತಿಳಿದು ನಾವು ತಲೆ ತಗ್ಗಿಸಿದೆವು.