ಎಂಜಿನನ್ನು ಯಾರ ಕೈಗೆ ಕೊಡಬೇಕು?

ಚಿನ್ನವನ್ನು ಅಕ್ಕಸಾಲಿಗನಿಗೆ ಕೊಡುವಾಗ ನಾವು ತೂಗಿ ಕೊಡುತ್ತೇವೆ, ತೂಗಿಯೇ ಹಿಂದಕ್ಕೆ ಪಡೆಯುತ್ತೇವೆ. ಎಂಜಿನನ್ನು ಲೇತಿನ ಅಂಗಡಿಗೆ ಒಪ್ಪಿಸುವಾಗ ಆ ಎಚ್ಚರವು ಅನೇಕರಲ್ಲಿ ಕಾಣುವುದಿಲ್ಲ.

ನಮ್ಮ ತಂದೆಯವರ ಕಾಲದ ಯೆಜ್ಡಿ ಮೋಟಾರು ಸೈಕಲೊಂದು ಮನೆಯಲ್ಲಿದೆ. ಮೈಸೂರಿನಲ್ಲಿ 1961ರಿಂದ ಮೊದಲು ಜಾವಾ ಎಂದೂ ಅನಂತರ ಯೆಜ್ಡಿ ಎಂದೂ ಇಂತಹ ಗಾಡಿಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಈ ಗಾಡಿಯ ಶಕ್ತಿಯನ್ನು ಹೆಚ್ಚಿಸಿ ಪಂದ್ಯದಲ್ಲಿ ಓಡಿಸಬೇಕೆಂದು ನನ್ನ ಮಗನ ಆಸೆ. ತಡೆಯಲು ಮನಸ್ಸಾಗಲಿಲ್ಲ, ಆದರೆ ಭಯವಿತ್ತು. ಟೂ ಸ್ಟ್ರೋಕ್ ಎಂಜಿನಿನಲ್ಲಿ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡರೆ, ಓಟದ ನಡುವೆಯೇ ಹಿಂದಿನ ಚಕ್ರ ಬಿಗಿದು ಸವಾರನು ಉರುಳಬಹುದು. ಶಕ್ತಿ ಹೆಚ್ಚಿದಷ್ಟೂ ಕಾವು ಹೆಚ್ಚುವುದರಿಂದ ಇವೆರಡರ ನಡುವಣ ತೆರಪು ಕರಾರುವಾಕ್ಕಾಗಿರಬೇಕು. ಅಲ್ಲದೆ ಬೋರ್ ಮಾಡಿಸಿದಾಗಲೆಲ್ಲ ಲೋಹವು ಹೋಗುವುದೇ ಹೊರತು ಬರುವುದಿಲ್ಲ. ನಮ್ಮ ಸಿಲಿಂಡರಿಗೆ ಉಳಿದಿದ್ದುದು ಇನ್ನೊಂದೇ ಅಳತೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ಮೂರು ಅಂಗಡಿಗಳನ್ನು ನೋಡಿದೆವು. ಮೊದಲನೆಯವರು ಪಿಸ್ಟನನ್ನು ಕೇಳದೆಯೇ "ಸಂಜೆಗೆ ಬನ್ನಿ ಸ್ವಾಮಿ" ಎಂದರು. ಎರಡನೆಯ ಕಡೆ ಯಂತ್ರಗಳು ಹೊಸವು. ಆದರೆ ಅಳತೆಯನ್ನು ಬರೆದುಕೊಡಲು ಒಪ್ಪಲಿಲ್ಲ. ಮೂರನೆಯದು ಚಿಕ್ಕ ಅಂಗಡಿ. ಅಲ್ಲಿಯ ಹಿರಿಯರು ಮೊದಲು ಕೇಳಿದುದು, "ಪಿಸ್ಟನ್ ತಂದಿದ್ದೀರಾ? ಗಾಡಿ ಊರೊಳಗೆ ಓಡುವುದೋ, ಪಂದ್ಯಕ್ಕೋ?" ಎಂದು. ಒಂದು ಪಿಸ್ಟನಿನಂತೆ ಇನ್ನೊಂದಿರದು. ಕೈಯಲ್ಲಿರುವ ಪಿಸ್ಟನಿಗೆ ತಕ್ಕಂತೆಯೇ ಸಿಲಿಂಡರನ್ನು ಕೊರೆಯಬೇಕೆಂದು ವಿವರಿಸಿದರು. ಪಿಸ್ಟನನ್ನು ಮೈಕ್ರೊಮೀಟರಿನಿಂದಲೂ, ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಬೋರ್ ಗೇಜಿನಿಂದಲೂ ಅಳೆದು, ಮಿಲಿಮೀಟರಿನ ನೂರನೆಯ ಭಾಗದವರೆಗೆ ಚೀಟಿಯಲ್ಲಿ ಬರೆದರು. ಕೊರೆದ ಮೇಲೆ ಪೋರ್ಟಿನ ಅಂಚುಗಳನ್ನು ನಯಗೊಳಿಸದಿದ್ದರೆ ರಿಂಗು ಸಿಕ್ಕಿ ಮುರಿಯುವುದೆಂದರು. ಕ್ರ್ಯಾಂಕನ್ನು ತಿರುಗಿಸಿ, ಡಯಲ್ ಗೇಜಿನ ಮುಳ್ಳು ಎಷ್ಟು ಅಲುಗುವುದೆಂದು ಮಗನಿಂದಲೇ ಓದಿಸಿದರು. ಪೋರ್ಟುಗಳನ್ನು ಇನ್ನಷ್ಟು ಹಿಗ್ಗಿಸಿರೆಂದು ಅವನು ಬೇಡಿದಾಗ, "ಇಷ್ಟು ಸಾಕಪ್ಪ; ಕೆರೆದ ಲೋಹವನ್ನು ಮತ್ತೆ ಅಂಟಿಸಲಾಗದು" ಎಂದರು.

ಅವರ ಕೂಲಿ ಹೆಚ್ಚು, ಕಾಯಬೇಕಾದುದೂ ಹತ್ತು ದಿನ. ಆದರೂ ಕೆಲಸವನ್ನು ಅವರಿಗೇ ಒಪ್ಪಿಸಿದೆವು.

ಗೃಹಸ್ಥರು ಇದಕ್ಕಾಗಿ ಯಂತ್ರಶಾಸ್ತ್ರವನ್ನು ಕಲಿಯಬೇಕಾದುದಿಲ್ಲ. ಮೂರನ್ನು ಗಮನಿಸಿದರೆ ಸಾಕು: ಕೊರೆಯುವ ಮುನ್ನ ಪಿಸ್ಟನನ್ನು ಕೇಳುವರೇ? ಅಳತೆಯನ್ನು ಬರೆದುಕೊಡುವರೇ? ಬೇಡವೆನ್ನಬೇಕಾದ ಕಡೆ ಬೇಡವೆನ್ನುವರೇ? ನಮ್ಮ ಗಾಡಿ ಈಗ ಮನೆಗೆ ಬಂದಿದೆ. ಹಿರಿಯರ ಅಪ್ಪಣೆಯಂತೆ ಮಗನು ಅದನ್ನು ನಿಧಾನವಾಗಿ ಓಡಿಸಿ ಪಳಗಿಸುತ್ತಿದ್ದಾನೆ. ಚೀಟಿಯನ್ನು ಅವನ ತಾಯಿಯು ಮನೆಯ ಕಾಗದಪತ್ರಗಳೊಡನೆ ಜೋಪಾನವಾಗಿ ಇಟ್ಟಿದ್ದಾಳೆ.