ಒಂದಗುಳಿನ ನ್ಯಾಯ

ಅನ್ನ ಬೆಂದಿತೇ ಎಂದು ತಿಳಿಯಲು ಗೃಹಿಣಿ ಒಂದೇ ಅಗುಳನ್ನು ಹಿಸುಕಿ ನೋಡುತ್ತಾಳೆ. ಪಂಡಿತರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಆದರೆ ಉರಿಯು ಪಾತ್ರೆಗೆಲ್ಲ ಸಮನಾಗಿ ತಾಗದಿದ್ದರೆ ಆ ಅಗುಳಿನ ಸಾಕ್ಷ್ಯವನ್ನು ನಂಬಲಾಗದು. ಕೊಳವೆಯಲ್ಲಿ ಹರಿಯುವ ನೀರಿಗೂ ಈ ನ್ಯಾಯವೇ ಸಲ್ಲುತ್ತದೆ.

ಫ್ರಾನ್ಸಿನ ವೈದ್ಯ ಪ್ವಾಸೆಯ್‌ಗೆ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತವು ಹರಿಯುವ ಬಗೆಯನ್ನು ತಿಳಿಯುವ ಹಂಬಲವಿತ್ತು. ರಕ್ತಕ್ಕೆ ಬದಲಾಗಿ ಬಟ್ಟಿಯಿಳಿಸಿದ ನೀರನ್ನೂ, ನಾಳಕ್ಕೆ ಬದಲಾಗಿ ಗಾಜಿನ ಅತಿ ಸಣ್ಣ ನಳಿಗೆಗಳನ್ನೂ ಇಟ್ಟುಕೊಂಡು ಅವನು ಹರಿವನ್ನು ಅಳೆದನು. 1840ರ ಸುಮಾರಿಗೆ ಅವನು ಪ್ರಕಟಿಸಿದ ನಿಯಮವು ಬೆರಗು ಹುಟ್ಟಿಸುವಂಥದು. ಒತ್ತಡವೂ ಉದ್ದವೂ ಮೊದಲಿನಂತೆಯೇ ಇದ್ದು ವ್ಯಾಸವು ಅರ್ಧವಾದರೆ, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ!

ಇದರ ಮರ್ಮವು ಕೊಳವೆಯ ಅಡ್ಡಕೊಯ್ತದಲ್ಲಿದೆ. ನಿಧಾನವಾಗಿ ಹರಿಯುವ ನೀರು ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಜಾರುತ್ತದೆ. ಗೋಡೆಗೆ ತಾಗಿದ ಪದರವು ನಿಶ್ಚಲ. ನಟ್ಟನಡುವಿನ ನೀರು ಸರಾಸರಿ ವೇಗದ ಇಮ್ಮಡಿಯಲ್ಲಿ ಓಡುತ್ತದೆ. ನೇರವಾದ ಕೊಳವೆಯಲ್ಲಿ ಈ ವಿನ್ಯಾಸವು ಒಮ್ಮೆ ನೆಲೆಗೊಂಡರೆ ಮುಂದೆ ಬದಲಾಗದು. ಒತ್ತಡವೊಂದೇ ಉದ್ದಕ್ಕೂ ಸಮನಾಗಿ ಇಳಿಯುತ್ತದೆ. ಆದುದರಿಂದ ಗಣಕಯಂತ್ರದಲ್ಲಿ ಲೆಕ್ಕಹಾಕುವವರು ಕೊಳವೆಯನ್ನು 500 ಬಿಲ್ಲೆಗಳಾಗಿಯೂ, ಪ್ರತಿಯೊಂದು ಬಿಲ್ಲೆಯನ್ನು 1000 ಮನೆಗಳಾಗಿಯೂ ವಿಭಾಗಿಸಿ, ಐದು ಲಕ್ಷ ಮನೆಗಳೊಡನೆ ಹೆಣಗಬೇಕಾಗಿಲ್ಲ. ದ್ರವದ ಸ್ನಿಗ್ಧತೆಯೂ ಒತ್ತಡದ ಇಳಿತವೂ ಗೊತ್ತಿದ್ದರೆ ಒಂದೇ ಬಿಲ್ಲೆ ಸಾಕು. ಕೊಳವೆ ದುಂಡಗಿದ್ದರಂತೂ ಕೇಂದ್ರದಿಂದ ಅಂಚಿಗೆ ಎಳೆದ ಗೆರೆಯೊಂದೇ ಸಾಕಾಗುತ್ತದೆ.

ಈ ಸೌಲಭ್ಯಕ್ಕೂ ಎಲ್ಲೆಯುಂಟು. ನೀರು ಒಳಹೊಗುವ ಬಾಯಿಯ ಬಳಿ ವಿನ್ಯಾಸವು ಇನ್ನೂ ನೆಲೆಗೊಂಡಿರುವುದಿಲ್ಲ. ತಿರುವಿನಲ್ಲಿ ನೀರು ಸುರುಳಿಗೊಳ್ಳುತ್ತದೆ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟನು. ವೇಗವು ಕಡಿಮೆಯಿದ್ದಾಗ ಎಳೆ ನೇರವಾಗಿ ಸಾಗಿತು. ವೇಗವು ಮಿತಿಮೀರಿದಾಗ ಅದು ಚೆದುರಿ ನೀರೆಲ್ಲ ಬಣ್ಣವಾಯಿತು. ಅಂಥ ಪ್ರಕ್ಷುಬ್ಧ ಹರಿವಿನಲ್ಲಿ ಒಂದು ಬಿಲ್ಲೆಯ ಸರಳ ಲೆಕ್ಕವು ನಿಲ್ಲದು.

ಮನುಷ್ಯನ ರಕ್ತನಾಳವು ಗಾಜಿನ ನಳಿಗೆಯಂತೆ ನೆಟ್ಟಗಿಲ್ಲ, ಗಡುಸಾಗಿಯೂ ಇಲ್ಲ. ಅದರೊಳಗಿನ ರಕ್ತವು ಹೃದಯದ ಬಡಿತದೊಡನೆ ಮಿಡಿಯುತ್ತದೆ. ನಾಳವು ಕೊಂಚ ಕಿರಿದಾದರೂ ಅಪಾಯ ಹಿರಿದೆಂಬುದನ್ನು ಪ್ವಾಸೆಯ್‌ನ ನಿಯಮವು ತಿಳಿಸುತ್ತದೆ. ಆದರೆ ರೋಗಿಯೊಬ್ಬನ ನಾಳದ ಲೆಕ್ಕಕ್ಕೆ ಕೈಹಾಕುವವನು, ಆ ವೈದ್ಯನು ಬದಿಗಿರಿಸಿದ ಒಂದೊಂದನ್ನೂ ಮತ್ತೆ ಕೈಗೆತ್ತಿಕೊಂಡು ತೂಗಿನೋಡಲೇಬೇಕು.